ಅಂಟುವಾಳದ ನೆರೆಹೊರೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಹನುಮಂತನಗರದ ಗೆಳೆಯರು ನೀಡಿದ ಉಪನ್ಯಾಸದ ಬರಹ ರೂಪ)



ಬೆಳ್ಳಿಹಬ್ಬದ ಈ ದಿನ ನಮ್ಮನ್ನು ಕರೆಸಿ ನಾಲ್ಕು ಮಾತಾಡಿ ಎಂದಿದ್ದೀರಿ. ಸಾಲ, ಗೊಬ್ಬರ, ಹಾಲಿನ ದರ, ಷೇರು ಬಂಡವಾಳ ಇವುಗಳ ಬಗ್ಗೆ ನಮಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲೇ ಬೇಕಾದಷ್ಟು ಮಂದಿ ಇದ್ದೀರಿ. ನಾವು ಹನುಮಂತನಗರದ ರಾಮಾಂಜನೇಯ ಗುಡ್ಡದ ಆಸುಪಾಸಿನವರು. ಬಿಡುವಾದಾಗ ಮರಗಿಡ, ಹಕ್ಕಿ, ಹುಳು ಹುಪ್ಪಟೆ ನೋಡುತ್ತಾ ಓಡಾಡುವ ಹವ್ಯಾಸದವರು. ಆದ್ದರಿಂದ ಒಂದು ಮರದ ವಿಷಯ ಹೇಳಿ, ಅದಕ್ಕೂ ಸಹಕಾರಕ್ಕೂ ಇರುವ ನಂಟನ್ನು ತಮ್ಮ ಮುಂದೆ ಇಡುತ್ತೇವೆ. ಆ ಮರ ಅಂಟುವಾಳ. ಕೆಲವು ಕಡೆ ಕೂಗಟೆ ಎನ್ನುತ್ತಾರೆ, ನೊರೆಕಾಯಿ ಮರ ಎಂದೂ ಕರೆಯುತ್ತಾರೆ.

ಹನುಮಂತನಗರದವರಿಗೂ ನಿಮ್ಮ ಊರಿಗೂ ಏನು ಸಂಬಂಧ ಅಂತ ಕೇಳಬಹುದು. ನೀರಿನ ಸಂಬಂಧ. ನಮ್ಮ ಪಕ್ಕದ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎಂದು ಹಿರಿಯರು ಹೇಳುವ ವೃಷಭಾವತಿ, ನಮ್ಮ ಬಡಾವಣೆಗಳ ಇಳಿಜಾರನ್ನೆಲ್ಲ ಬಳಸಿಕೊಂಡು, ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಸೇರುತ್ತಾಳೆ. ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಆ ಹರಿವಿನ ಕೆಳಗೆ ಇರುವವರು ನೀವು. ಬೆಂಗಳೂರಿನ ಬಚ್ಚಲಲ್ಲಿ ಎದ್ದ ನೊರೆ ನಿಮ್ಮ ಕಾಲುವೆಯಲ್ಲಿ ಬಂದು ನಿಲ್ಲುತ್ತದೆ. ಕಾರ್ಖಾನೆಗಳ ಕೊಳೆ, ಒಳಚರಂಡಿಯ ಕೊಳೆ, ಬಟ್ಟೆ ಪಾತ್ರೆ ತೊಳೆದ ಪುಡಿ ಮತ್ತು ಲಿಕ್ವಿಡ್‌ಗಳ ಕೊಳೆ ಎಲ್ಲ ಅದರಲ್ಲಿ ಇದೆ. ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹತ್ತಿಕೊಂಡು ಉರಿದದ್ದು, ಅದರ ನೊರೆ ರಸ್ತೆಗೆ ಹಾರಿ ವಾಹನಗಳನ್ನು ಮುಚ್ಚಿದ್ದು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ನೀರು ಉರಿಯುವ ಕಾಲ ಬಂತಲ್ಲಾ ಎಂದು ಅಜ್ಜಿಯರು ಬಾಯಿ ಮೇಲೆ ಬೆರಳಿಟ್ಟರು.

ನೊರೆ ಎಂಬುದು ಹೊಸದೇನಲ್ಲ. ಈ ನಾಡಿನಲ್ಲಿ ಸೋಪಿನ ಕಾರ್ಖಾನೆ ಬಂದದ್ದು 1916-18ರ ಹೊತ್ತಿಗೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದಕ್ಕೂ ಮುಂಚೆ ನಮ್ಮವರು ಕೊಳಕಾಗಿ ಇದ್ದರೇ? ತಲೆಗೆ ಸೀಗೆ, ಮೈಗೆ ಕಡಲೆಹಿಟ್ಟು, ರೇಷ್ಮೆ ಸೀರೆಗೂ ಕಂಬಳಿಗೂ ಒಡವೆಗೂ ಅಂಟುವಾಳ. ಅಕ್ಕಸಾಲಿಗರು ಬೆಳ್ಳಿ ಬಂಗಾರ ತೊಳೆಯುವುದಕ್ಕೆ ಈಗಲೂ ಅಂಟುವಾಳದ ನೀರನ್ನು ಬಳಸುತ್ತಾರೆ. ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಗಳಲ್ಲಿ ಇವತ್ತೂ ಚೀಲದ ಬಾಯಿ ಬಿಚ್ಚಿಟ್ಟು ಮಾರುತ್ತಾರೆ. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಸ್ಯಾಪಿಂಡಸ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಇಂಡಿಯಾದ ಸೋಪು’ ಎಂದೇ. ಹೆಸರಿನಲ್ಲೇ ನಮ್ಮ ದೇಶ ಇದೆ ನೋಡಿ.

ಈಗ ಮರದ ಬಳಿ ಹೋಗೋಣ. ಅಂಟುವಾಳ ಒಣ ಪ್ರದೇಶದ, ಎಲೆ ಉದುರುವ ಕಾಡಿನ ಮರ. ನಮ್ಮ ದಕ್ಷಿಣದ ಅಂಟುವಾಳದ ಕಾಯಿ ಮೂರು ಗುಂಡುಗಳು ಅಂಟಿಕೊಂಡ ಹಾಗೆ ಇರುತ್ತದೆ. ಉತ್ತರ ದೇಶದ ರೀಠಾ ಇದರ ದಾಯಾದಿ, ಅದರ ಕಾಯಿ ಸಾಮಾನ್ಯವಾಗಿ ಒಂಟಿ ಗುಂಡು. ಮಳೆಗಾಲ ಹಿಂದೆ ಸರಿದ ಮೇಲೆ ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂ ಬಿಡುತ್ತದೆ. ಬೇಸಿಗೆ ಹೊತ್ತಿಗೆ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಗೊಂಚಲಿನಲ್ಲಿ ಗಂಡು ಹೂವೂ ಕಾಯಿ ಕಟ್ಟುವ ಹೂವೂ ಇರುತ್ತವೆ. ಆದ್ದರಿಂದ ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಹೊರುವ ಕೂಲಿ ಬೇಕೇ ಬೇಕು. ಆ ಕೂಲಿ ಮಾಡುವವು ಜೇನು, ನೊಣ ಮೊದಲಾದ ಕೀಟಗಳು. ಅವುಗಳಿಗೆ ಕೂಲಿ ಮಕರಂದ. ಜೇನು ಸಾಕುವವರ ಪಟ್ಟಿಯಲ್ಲಿ ಅಂಟುವಾಳಕ್ಕೆ ಒಳ್ಳೆಯ ಸ್ಥಾನವಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೊಡಗು, ದಕ್ಷಿಣ ಕನ್ನಡಗಳ ತುಡುವೆ ಜೇನು ಪೆಟ್ಟಿಗೆಗಳು ಸಾಲು ಸಾಲಾಗಿ ಬರಿದಾದವು. ಜೇನು ಸಹಕಾರ ಸಂಘಗಳು ತತ್ತರಿಸಿದವು. ಜೇನು ಇಲ್ಲದ ವರ್ಷ ಕಾಯಿ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಆಗ ಎಲ್ಲರಿಗೂ ಅರಿವಾಯಿತು.

ಇನ್ನು ಕಾಯಿಯ ಒಳಗಿನ ಗುಟ್ಟು. ಅಂಟುವಾಳದ ಸಿಪ್ಪೆಯಲ್ಲಿ ಸಾಪೋನಿನ್ ಎಂಬ ವಸ್ತು ಇದೆ. ಅದರ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಜಿಡ್ಡೆಂದರೆ ಇಷ್ಟ. ಹೀಗಾಗಿ ಜಿಡ್ಡನ್ನು ಹಿಡಿದು ನೀರಿಗೆ ಎಳೆದು ತರುತ್ತದೆ. ಸೋಪೂ ಮಾಡುವುದು ಇದೇ ಕೆಲಸವನ್ನೇ. ಆದರೆ ಮರ ಅದನ್ನು ನಮ್ಮ ಸೀರೆ ಒಗೆಯಲಿ ಅಂತ ಮಾಡಿಟ್ಟಿಲ್ಲ, ಕಣ್ರೀ. ತನ್ನ ಬೀಜವನ್ನು ಕಾಪಾಡಿಕೊಳ್ಳಲು ಮಾಡಿಟ್ಟಿದೆ. ಸಿಪ್ಪೆ ಕಹಿ, ನಾಲಿಗೆಗೆ ಉರಿ, ಹೊಟ್ಟೆಗೆ ಆಗದು. ಬೀಜವೋ ಕರಿಯ ಕಲ್ಲಿನಂತೆ ಗಟ್ಟಿ. ಹುಡುಗರು ಅದರಲ್ಲಿ ಗೋಲಿ ಆಡಬಹುದು, ಮಾಲೆ ಪೋಣಿಸಬಹುದು, ಅಷ್ಟು ಗಟ್ಟಿ.

ಪಕ್ಕದ ನೆಲ್ಲಿ ಮರದ ನೀತಿ ಇದಕ್ಕೆ ತದ್ವಿರುದ್ಧ. ನೆಲ್ಲಿಕಾಯಿ ಉದುರಿದರೆ ಜಿಂಕೆಗಳು ಬಂದು ತಿನ್ನುತ್ತವೆ, ಆಮೇಲೆ ಮೆಲುಕು ಹಾಕುವಾಗ ಬೀಜವನ್ನು ಬೇರೆ ಕಡೆ ಉಗಿಯುತ್ತವೆ. ಮರಕ್ಕೆ ಬಿತ್ತನೆ ಆಯಿತು, ಜಿಂಕೆಗೆ ಊಟ ಆಯಿತು. ಅಂಟುವಾಳಕ್ಕೆ ಇಂಥ ಬಳಗ ಕಡಿಮೆ. ಕಾಯಿ ಬಹುಮಟ್ಟಿಗೆ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅದನ್ನು ದೂರದೂರಕ್ಕೆ ಒಯ್ದು ಹಿತ್ತಿಲಲ್ಲಿ, ಬದುವಿನಲ್ಲಿ, ಬಾವಿಕಟ್ಟೆಯ ಹತ್ತಿರ ಬೆಳೆಸಿದವರಲ್ಲಿ ಮನುಷ್ಯನ ಪಾಲು ದೊಡ್ಡದು. ಆದ್ದರಿಂದ ಅಂಟುವಾಳ ಊರಲ್ಲಿ ಕಾಣೆಯಾದರೆ ಮತ್ತೆ ಹಕ್ಕಿಯೋ ಜಿಂಕೆಯೋ ತಂದು ನೆಡುತ್ತದೆ ಅಂತ ಕಾಯುತ್ತಾ ಕೂರುವಂತಿಲ್ಲ. ನಾವೇ ನೆಡಬೇಕು.

ಹಾಗಂತ ಈ ಮರವನ್ನು ಯಾರೂ ಮುಟ್ಟುವುದೇ ಇಲ್ಲ ಅಂದುಕೊಳ್ಳಬೇಡಿ. ಇಷ್ಟೆಲ್ಲ ಕಾವಲಿಟ್ಟರೂ ಒಳಗೆ ನುಗ್ಗುವ ಒಬ್ಬ ಚತುರ ಇದ್ದಾನೆ. ಕೆಂಪು ಬಣ್ಣದ, ಉದ್ದ ಮೂತಿಯ ಒಂದು ತಿಗಣೆ. ಹೆದರಬೇಡಿ, ಮಂಚದ ತಿಗಣೆಯಲ್ಲ, ನಮ್ಮ ರಕ್ತ ಹೀರುವುದಿಲ್ಲ. ಬೇಕಾದರೆ ಅಂಟುವಾಳದ ತಿಗಣೆ ಎಂದು ಕರೆಯೋಣ. ಶಾಸ್ತ್ರಜ್ಞರ ಬಾಯಲ್ಲಿ ಲೆಪ್ಟೊಕೋರಿಸ್. ಅಂಟುವಾಳದ ಕುಟುಂಬಕ್ಕೆ ಸೇರಿದ ಗಿಡಗಳ ಬೀಜವೇ ಇವುಗಳ ಆಹಾರ. ಸೂಜಿಯಂಥ ಮೂತಿಯನ್ನು ಕಾಯಿಯ ಗೋಡೆ ತೂರಿಸಿ ಬೀಜಕ್ಕೆ ಮುಟ್ಟಿಸಿ, ಜೊಲ್ಲು ಬಿಟ್ಟು ಒಳಗಿನ ತಿರುಳನ್ನು ಕರಗಿಸಿ ಹೀರುತ್ತವೆ. ಹಿಂಡು ಹಿಂಡಾಗಿ ಇರುತ್ತವೆ. ಆ ಕೆಂಪು ಬಣ್ಣ ಹಕ್ಕಿಗಳಿಗೆ ‘ನನ್ನ ರುಚಿ ಚೆನ್ನಾಗಿಲ್ಲ, ತಂಟೆಗೆ ಬರಬೇಡ’ ಎಂದು ಹಾಕಿದ ಬೋರ್ಡು.

ಇದೇ ಕುಟುಂಬದ ಗಿಡಗಳು ನಿಮ್ಮ ಸುತ್ತಲೇ ಇವೆ. ಬೇಲಿಯ ಮೇಲೆ ಹಬ್ಬುವ ಅಗ್ನಿಬಳ್ಳಿ ನೋಡಿದ್ದೀರಿ. ಬಲೂನಿನ ಹಾಗೆ ಉಬ್ಬಿದ ಹಸಿರು ಬುಡ್ಡೆ, ಮಕ್ಕಳು ಹಣೆಗೆ ಬಡಿದು ಟಪ್ ಅನ್ನಿಸುತ್ತಾರಲ್ಲ, ಅದೇ. ಒಳಗಿನ ಕರಿಯ ಬೀಜದ ಮೇಲೆ ಬಿಳಿಯ ಹೃದಯದ ಗುರುತು ಇರುತ್ತದೆ. ಬರಡು ನೆಲದಲ್ಲಿ, ಕಲ್ಲುಗುಡ್ಡದಲ್ಲಿ ಬೆಳೆಯುವ ಬಂದರೆ ಗಿಡವೂ ಇದೇ ಮನೆತನದ್ದು. ಎಲೆ ಅಂಟಂಟು, ಕಾಯಿಗೆ ಕಾಗದದಂಥ ರೆಕ್ಕೆ, ದನ ಮೇಕೆ ಬಾಯಿ ಹಾಕದ ಗಿಡ. ನಮ್ಮ ಬನಶಂಕರಿ ಆಚೆಯ ತುರಹಳ್ಳಿ ಕಾಡಿನಲ್ಲಿ ಇದು ಧಾರಾಳ. ಸಾಗಡೆ ಮರ, ಲಿಚಿ ಹಣ್ಣಿನ ಮರ ಸಹ ಇವುಗಳ ಹತ್ತಿರದ ಬಂಧುಗಳು. ಬೇಲಿ ಸವರಿ ತಂತಿ ಎಳೆದಾಗ, ಬಂದರೆ ಗುಡ್ಡವನ್ನು ಜೆಸಿಬಿಯಿಂದ ತಟ್ಟು ಮಾಡಿದಾಗ ಈ ಮನೆತನದ ಎಷ್ಟೋ ಆಶ್ರಿತರು ಸದ್ದಿಲ್ಲದೆ ಹೋಗಿಬಿಡುತ್ತಾರೆ.

ಈ ತಿಗಣೆಗಳ ವಿಷಯದಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಕೇಳಲೇಬೇಕಾದ್ದು. ಫ್ಲೋರಿಡಾದಲ್ಲಿ ಅಗ್ನಿಬಳ್ಳಿಯ ಕುಲದ ಬಳ್ಳಿಯೊಂದರ ಮೇಲೆ ಇಂಥದೇ ತಿಗಣೆ ಬದುಕಿತ್ತು. ಬುಡ್ಡೆ ಉಬ್ಬಿದ್ದು, ಬೀಜ ಗೋಡೆಯಿಂದ ದೂರ, ಆದ್ದರಿಂದ ತಿಗಣೆಯ ಮೂತಿ ಉದ್ದ. 1950ರ ದಶಕದಿಂದ ಅಲ್ಲಿನವರು ಅಂದಕ್ಕೆಂದು ಏಷ್ಯಾದ ಒಂದು ಮರವನ್ನು ಮನೆ ಮುಂದೆಲ್ಲ ನೆಟ್ಟರು. ಅದೂ ಅಂಟುವಾಳದ ಕುಟುಂಬದ್ದೇ, ಆದರೆ ಕಾಯಿ ಚಪ್ಪಟೆ, ಬೀಜ ಹತ್ತಿರ. ತಿಗಣೆಗಳು ಅದಕ್ಕೆ ಹತ್ತಿದವು. ಸ್ಕಾಟ್ ಕ್ಯಾರಲ್ ಮತ್ತು ಕ್ರಿಸ್ಟಿನ್ ಬಾಯ್ಡ್ ಎಂಬ ಸಂಶೋಧಕರು ಮ್ಯೂಸಿಯಮ್ಮುಗಳಲ್ಲಿ ಸೂಜಿ ಚುಚ್ಚಿಟ್ಟಿದ್ದ ಹಳೆಯ ತಿಗಣೆಗಳನ್ನೂ ಹೊಸವನ್ನೂ ಅಳೆದು 1992ರಲ್ಲಿ ಪ್ರಕಟಿಸಿದರು: ಕೆಲವೇ ದಶಕಗಳಲ್ಲಿ ಹೊಸ ಮರದ ಮೇಲಿನ ತಿಗಣೆಗಳ ಮೂತಿ ಗಿಡ್ಡವಾಗಿತ್ತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಹೊರಗಿಂದ ಬಂದ ಬುಡ್ಡೆಬಳ್ಳಿಗೆ ಹೊಂದಿಕೊಂಡು ಅಲ್ಲಿನ ತಿಗಣೆಯ ಮೂತಿ ಉದ್ದವಾಗಿದೆ ಎಂದು 2005ರಲ್ಲಿ ತೋರಿಸಿದರು.

ಇದರಿಂದ ನಾವು ತಿಳಿಯಬೇಕಾದ್ದೇನು? ಒಂದು ಊರಿನವರು ಅಂಗಳದಲ್ಲಿ ಯಾವ ಗಿಡ ನೆಟ್ಟರು ಎಂಬುದು ಒಂದು ಜೀವಿಯ ದೇಹವನ್ನೇ ಬದಲಿಸಬಹುದು. ತಿಗಣೆಯ ಆಯಸ್ಸು ಚಿಕ್ಕದು, ವರ್ಷದಲ್ಲಿ ಹಲವು ತಲೆಮಾರು ಕಳೆಯುತ್ತದೆ, ಬೇಗ ಹೊಂದಿಕೊಂಡಿತು. ಮೀನಿಗೆ, ಕಪ್ಪೆಗೆ, ಆನೆಗೆ, ಮನುಷ್ಯನಿಗೆ ಅಷ್ಟು ಬೇಗ ಬದಲಾಗಲು ಬರುವುದಿಲ್ಲ. ಬೈರಮಂಗಲದ ನೀರಿಗೆ ಹೊಂದಿಕೊಳ್ಳಿ ಅಂತ ಮೀನಿಗೆ ಹೇಳಿದರೆ ಅದು ಸಾಯುತ್ತದೆ, ಅಷ್ಟೇ.

ಈಗ ಸಹಕಾರದ ಮಾತಿಗೆ ಬರೋಣ. ಅಂಟುವಾಳ ಮತ್ತು ಸಹಕಾರ ಸಂಘ ಎರಡೂ ಕೂಡಿದ ಒಂದು ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಮೂಲನಿವಾಸಿಗಳು ಸೋಲಿಗರು. ಬೆಟ್ಟದ ರಂಗಪ್ಪನನ್ನು ಭಾವ ಅಂತ ಕರೆಯುವ ಜನ, ತಮ್ಮ ಕುಲದ ಹೆಣ್ಣನ್ನು ಮದುವೆಯಾದವನು ಎಂಬ ನಂಬಿಕೆಯಿಂದ. ಅವರು ಕಾಡಿನಿಂದ ಜೇನು, ನೆಲ್ಲಿ, ಅಳಲೆ, ಸೀಗೆ, ಅಂಟುವಾಳ, ಕಲ್ಲುಹೂ ತಂದು ಲ್ಯಾಂಪ್ಸ್ ಎಂದು ಎಲ್ಲರೂ ಕರೆಯುವ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳಿಗೆ ಕೊಡುತ್ತಿದ್ದರು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. 1990ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿಯೇ ಇದ್ದು ಲೆಕ್ಕ ಹಾಕಿದಾಗ ಸೋಲಿಗ ಕುಟುಂಬದ ನಗದು ವರಮಾನದಲ್ಲಿ ಕಾಡಿನ ಈ ಕಿರು ಉತ್ಪನ್ನಗಳ ಪಾಲು ಬಹಳ ದೊಡ್ಡದೆಂದು ಕಂಡುಬಂತು. ಅಂದರೆ ಮರದ ಆರೋಗ್ಯವೇ ಮನೆಯ ಆರೋಗ್ಯ.

ಆಮೇಲೆ ಎರಡು ಕಷ್ಟ ಬಂದವು. ಒಂದು ಕಾನೂನಿನದು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಅಭಯಾರಣ್ಯದಿಂದ ಮಾರಾಟಕ್ಕೆ ಏನನ್ನೂ ತೆಗೆಯುವಂತಿಲ್ಲ ಎಂದಾಯಿತು. 2006ರ ಹೊತ್ತಿಗೆ ಬೆಟ್ಟದಲ್ಲಿ ಸಂಗ್ರಹಣೆ ನಿಂತಿತು. ತಕ್ಕಡಿ ಖಾಲಿ, ಮನೆಯ ಒಲೆಯೂ ಖಾಲಿ. ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಹಲವು ವರ್ಷ ಓಡಾಡಿದ ಮೇಲೆ 2011ರಲ್ಲಿ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಅದೇ ವರ್ಷದ ಆರಂಭದಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾಗಿತ್ತು. ಹುಲಿಯೂ ಇರಬೇಕು, ಸೋಲಿಗನೂ ಇರಬೇಕು ಎಂಬುದು ಅಲ್ಲಿನ ಗ್ರಾಮಸಭೆಗಳ ವಾದ. ಜೇನು ಇಳಿಸುವಾಗ ಕಾಡಿನ ಜೀವಿಗಳಿಗೆ ಒಂದು ಪಾಲು ಬಿಡುವ ಪದ್ಧತಿ ಇರುವ ಜನರ ಬಾಯಲ್ಲಿ ಈ ವಾದ ಬಂದದ್ದು ಸಹಜ.

ಎರಡನೆಯ ಕಷ್ಟ ಲಂಟಾನದ್ದು, ಹಳ್ಳಿಗಳಲ್ಲಿ ರೋಜವಾರೆ ಅನ್ನುವ ಗಿಡ. ಹೊರದೇಶದಿಂದ ಅಲಂಕಾರಕ್ಕೆ ಬಂದದ್ದು ಕಾಡನ್ನೇ ನುಂಗಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಗುರುತು ಹಾಕಿ ನೋಡಿದ ಜಾಗಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ನೋಡಿದಾಗ ನೂರಕ್ಕೆ 81ರಲ್ಲಿ ಇತ್ತು. ಅದರ ಅಡಿಯಲ್ಲಿ ಎಳೆಯ ಸಸಿಗೆ ಬಿಸಿಲಿಲ್ಲ, ಜಾಗವಿಲ್ಲ. ದೊಡ್ಡ ಮರ ನಿಂತಿರುತ್ತದೆ, ಕಾಯಿ ಬಿಡುತ್ತದೆ, ಆದರೆ ಮಕ್ಕಳಿಲ್ಲದ ಮನೆ. ಹಿಂದೆ ಬೇಸಿಗೆಯ ಮೊದಲಲ್ಲೇ ನೆಲದ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನವೂ ನೆಲ್ಲಿ ಮರದ ಮೇಲಿನ ಬದನಿಕೆಯೂ ವಿಪರೀತ ಆದದ್ದು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳೂ ಈ ಮಾತನ್ನು ತಳ್ಳಿಹಾಕದೆ ಪರೀಕ್ಷೆ ಮಾಡಿ ನೋಡುತ್ತಾ ಬಂದಿದ್ದಾರೆ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಎಲ್ಲರೂ ಸೋಪು ಬಿಟ್ಟು ಅಂಟುವಾಳ ಹಿಡಿದರೆ ಆಯಿತಲ್ಲ’ ಅಂತ ಯಾರಾದರೂ ಅಂದರೆ, ಸ್ವಲ್ಪ ತಾಳಿ ಅನ್ನುತ್ತೇವೆ. ಎರಡು ಕಾರಣ.

ಮೊದಲನೆಯದು, ಗಿಡದಿಂದ ಬಂದದ್ದೆಲ್ಲ ನಿರಪಾಯ ಅಲ್ಲ. ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವುದು ಹಿರಿಯರಿಗೆ ಗೊತ್ತು. ಅಂಟುವಾಳಕ್ಕೂ ಆ ಗುಣ ಇದೆ. ಸಾಪೋನಿನ್ ಮೀನಿನ ಕಿವಿರಿಗೆ ತಾಗಿದರೆ ಉಸಿರು ಕಟ್ಟುತ್ತದೆ. ಅಂಟುವಾಳದ ನೊರೆ ಮಣ್ಣಲ್ಲಿ, ನೀರಲ್ಲಿ ಕೆಲವು ದಿನಕ್ಕೆ ಕೊಳೆತು ಹೋಗುತ್ತದೆ ಎಂಬುದು ನಿಜ, ಅದೇ ಅದರ ಹೆಚ್ಚುಗಾರಿಕೆ. ಆದರೆ ಕುಂಟೆಯಲ್ಲೇ ಕೂತು ಬಟ್ಟೆ ಒಗೆದರೆ ಮೀನಿಗೆ ಆ ಕೆಲವು ದಿನವೂ ಹೆಚ್ಚು. ತೊಳೆದ ನೀರನ್ನು ಬಾಳೆಯ ಬುಡಕ್ಕೆ, ತೆಂಗಿನ ಪಾತಿಗೆ ಬಿಡಿ. ಕೆರೆಗೆ ಬೇಡ.

ಎರಡನೆಯದು ಲೆಕ್ಕದ ವಿಷಯ. ಲೆಕ್ಕಕ್ಕೆಂದು ಒಂದು ಮನೆಯವರು ವಾರಕ್ಕೆ ನೂರು ಗ್ರಾಂ ಅಂಟುವಾಳ ಬಳಸುತ್ತಾರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಐದು ಕಿಲೋ ಚಿಲ್ಲರೆ. ನೂರು ಮನೆಗೆ ಐದು ಕ್ವಿಂಟಾಲ್. ಸಾವಿರ ಮನೆಗೆ ಐದು ಟನ್. ಹನುಮಂತನಗರದ ಐವತ್ತಡಿ ರಸ್ತೆಯ ಅಕ್ಕಪಕ್ಕದಲ್ಲೇ ಎಷ್ಟು ಸಾವಿರ ಮನೆ ಇವೆಯೋ! ಈಗ ಪೇಟೆಯಲ್ಲಿ ಅಂಟುವಾಳದ ಲಿಕ್ವಿಡ್, ಪುಡಿ, ಶಾಂಪು ಎಲ್ಲ ಫ್ಯಾಷನ್ ಆಗಿದೆ. ಅಷ್ಟು ಕಾಯಿ ಎಲ್ಲಿಂದ ಬರಬೇಕು? ನೆಡದೆ ಕೊಳ್ಳುತ್ತಾ ಹೋದರೆ ಕಾಡಿನ ಮರಕ್ಕೆ ಭಾರ. ದರ ಏರಿದಾಗ ಕಾಯಿ ಉದುರಿಸುವ ತಾಳ್ಮೆ ಹೋಗಿ ಕೊಂಬೆಯೇ ಕೆಳಗೆ ಬರುತ್ತದೆ. ಕೊಂಬೆ ಬಿದ್ದರೆ ಮುಂದಿನ ವರ್ಷದ ಹೂವೂ ಇಲ್ಲ, ಜೇನಿಗೆ ಮಕರಂದವೂ ಇಲ್ಲ. ನದಿ ಉಳಿಸುತ್ತೇವೆ ಅಂತ ಹೊರಟು ಕಾಡು ಕಳೆದುಕೊಂಡ ಹಾಗಾಗುತ್ತದೆ. ಆದ್ದರಿಂದಲೇ ಈ ಮಾತನ್ನು ಪೇಟೆಯ ಸಭೆಯಲ್ಲಿ ಮಾತ್ರ ಆಡಿದರೆ ಸಾಲದು, ಬದು ಇರುವವರ ಮುಂದೆ, ತಕ್ಕಡಿ ಇರುವವರ ಮುಂದೆ ಆಡಬೇಕು ಅಂತ ಇಲ್ಲಿಗೆ ಬಂದೆವು.

ಸಂಘದ ಮುಂದೆ ನಮ್ಮ ವಿನಂತಿಗಳು ಇಷ್ಟು.

ಊರಿನಲ್ಲಿ ಉಳಿದಿರುವ ಹಳೆಯ ಅಂಟುವಾಳದ ಮರಗಳನ್ನು ಶಾಲೆಯ ಮಕ್ಕಳಿಂದ ಎಣಿಸಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಯಾರ ಬದುವಿನಲ್ಲಿ, ಎಷ್ಟು, ಯಾವಾಗ ಹೂ, ಯಾವಾಗ ಕಾಯಿ, ಇಷ್ಟೇ ಸಾಕು. ಎಣಿಸಿದ ಮರವನ್ನು ಕಡಿಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಬೀಜವನ್ನು ನಿಮ್ಮೂರಿನ ಮರಗಳಿಂದಲೇ ಆರಿಸಿ. ಚಿಪ್ಪು ಗಟ್ಟಿ ಇರುವುದರಿಂದ ಒಂದು ಕಡೆ ಸ್ವಲ್ಪ ಉಜ್ಜಿ, ನೀರಲ್ಲಿ ನೆನೆಸಿ, ಆಮೇಲೆ ಬಿತ್ತಿ. ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕು ಅನ್ನುತ್ತಾರೆ. ಇಪ್ಪತ್ತೈದು ವರ್ಷ ಸಂಘ ನಡೆಸಿದವರಿಗೆ ಅದು ದೊಡ್ಡ ಕಾಲವೇ? ಇಂದು ನೆಟ್ಟ ಸಸಿ ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ತುಂಬಿ ನಿಂತ ಮರವಾಗಿರುತ್ತದೆ.

ಕೊಂಬೆ ಕಡಿದು ತಂದ ಕಾಯಿಯನ್ನು ಸಂಘ ಕೊಳ್ಳುವುದಿಲ್ಲ ಎಂದು ಒಂದು ಠರಾವು ಮಾಡಿ. ಬಲಿತ ಕಾಯಿ ಮಾತ್ರ, ಒಣಗಿಸಿ, ಬೀಜ ಬಿಡಿಸಿ, ಸರಿಯಾದ ತೂಕ. ಬಿಡಿಸಿದ ಬೀಜ ಮತ್ತೆ ಸಸಿಮಡಿಗೆ. ಊರಿನ ಅಕ್ಕಂದಿರ ಸ್ವಸಹಾಯ ಗುಂಪುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಧ್ಯವರ್ತಿ ಇಲ್ಲದೆ ನಮ್ಮ ಕಡೆಯ ಮನೆಗಳಿಗೆ ತಲುಪಿಸಲು ನಾವು ಓಡಾಡುತ್ತೇವೆ. ಆದರೆ ನಿಮ್ಮ ಮರ ಕಾಯಿ ಬಿಡುವವರೆಗೂ, ಬಿಟ್ಟ ಮೇಲೆಯೂ, ಬೆಟ್ಟದ ಸೋಲಿಗರ ಅನ್ನ ಕಿತ್ತುಕೊಳ್ಳುವಂತೆ ಆಗಬಾರದು. ಒಂದು ಸಹಕಾರ ಸಂಘ ಇನ್ನೊಂದು ಸಹಕಾರ ಸಂಘದ ಕೈ ಹಿಡಿಯಬೇಕು. ಅವರದ್ದನ್ನು ನ್ಯಾಯವಾದ ದರಕ್ಕೆ ಕೊಂಡು, ನಿಮ್ಮದನ್ನು ಜೊತೆಗೆ ಸೇರಿಸಿ ಮಾರಿ.

ಬೇಲಿಯ ಅಗ್ನಿಬಳ್ಳಿ, ಗುಡ್ಡದ ಬಂದರೆ, ಅವುಗಳ ಮೇಲಿನ ಕೆಂಪು ತಿಗಣೆ ಇವುಗಳಿಗೆ ಔಷಧಿ ಹೊಡೆಯಬೇಡಿ. ಹೂ ಬಿಟ್ಟ ಕಾಲದಲ್ಲಿ ಸುತ್ತಲ ಹೊಲಕ್ಕೆ ಸಿಂಪಡಿಸುವಾಗ ಜೇನಿನ ನೆನಪಿರಲಿ.

ಅಂಟುವಾಳದಿಂದ ವೃಷಭಾವತಿ ಶುದ್ಧಳಾಗುತ್ತಾಳೆ ಅಂತ ಹೇಳಿದರೆ ಅದು ಉತ್ಪ್ರೇಕ್ಷೆ. ಅದಕ್ಕೆ ಒಳಚರಂಡಿಯ ನೀರು ಸಂಸ್ಕರಣೆಯಾಗಬೇಕು, ಕಾರ್ಖಾನೆಗಳ ಮೇಲೆ ಕಾನೂನು ಬಿಗಿಯಾಗಬೇಕು. ಆ ಕೆಲಸ ಸರ್ಕಾರದ್ದು, ಅದನ್ನು ಕೇಳುತ್ತಲೇ ಇರಬೇಕಾದ್ದು ಮೇಲಿನ ನಮ್ಮದು, ಕೆಳಗಿನ ನಿಮ್ಮದು, ಇಬ್ಬರದೂ. ಆದರೆ ಕೇಳುವ ಬಾಯಿಗೆ ಬಲ ಬರುವುದು ಕೈ ಕೆಲಸ ಮಾಡಿದಾಗ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಸೇರಿಸಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದಾಗ ಅವರ ಮುಂದೆ ಇದ್ದದ್ದು ಸಾಲದ ಹೊರೆ. ಇವತ್ತು ನಿಮ್ಮ ಮುಂದೆ ಅದರ ಜೊತೆಗೆ ನೀರಿನ ಹೊರೆಯೂ ಇದೆ, ಮಣ್ಣಿನ ಹೊರೆಯೂ ಇದೆ. ಹೊರೆ ಬೇರೆಯಾದರೂ ಹೊರುವ ರೀತಿ ಒಂದೇ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತ ಗಾದೆ ಇದೆಯಲ್ಲ. ಆ ಹಳ್ಳದ ನೀರಲ್ಲಿ ಮೀನು ಬದುಕುವಂತೆ ಇರಲಿ ಎಂಬುದಷ್ಟೇ ನಮ್ಮ ಹಾರೈಕೆ.

ಸಮಾರಂಭ ಮುಗಿದ ಮೇಲೆ ಕಚೇರಿಯ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿರುತ್ತೇವೆ. ಅದರಲ್ಲಿ ಅಂಟುವಾಳದ ಬೀಜ ಇದೆ. ಮನೆಗೆ ಎರಡೆರಡು ತೆಗೆದುಕೊಂಡು ಹೋಗಿ. ಸಂಘಕ್ಕೆ ಶುಭವಾಗಲಿ.